ಪಾಪ ಅನ್ನುವ ಮುಂಚೆ

(ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನನ್ನ ತಮ್ಮ ಹುಟ್ಟಿದ್ದು 1984ರಲ್ಲಿ. ಆಗ ನನಗೆ ಆರು ವರ್ಷ. ಬಾಣಂತಿ ಕೋಣೆಯ ಹೊಸ್ತಿಲಲ್ಲೇ ಕೂತಿರುತ್ತಿದ್ದೆ. ಮಗು ನೋಡೋಕೆ ಊರಿನ ಹೆಂಗಸರು ಬರುತ್ತಿದ್ದರು. ತೊಟ್ಟಿಲಿಗೆ ಬಗ್ಗಿ ನೋಡಿ ಒಬ್ಬೊಬ್ಬರೂ "ಪಾಪ" ಅನ್ನುತ್ತಿದ್ದರು. ನನಗೆ ಅದು "ಪಾಪು" ಅಂತ ಕೇಳಿಸುತ್ತಿತ್ತು. ಎಲ್ಲರೂ ನನ್ನ ತಮ್ಮನನ್ನು ಮುದ್ದು ಮಾಡ್ತಿದ್ದಾರೆ ಅಂತ ಖುಷಿಯೋ ಖುಷಿ. ಅವರು ಬಂದಾಗಲೆಲ್ಲ ಅಮ್ಮ ಯಾಕೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ ಅನ್ನೋದು ಮಾತ್ರ ಗೊತ್ತಾಗುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ಕೆಟ್ಟದ್ದು ಮಾಡಿದರೂ ಪಾಪ, ಕಂಡು ಮರುಗಿದರೂ ಪಾಪ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್, ಅಂದರೆ ಬೆಳವಣಿಗೆಯೂ ಕಲಿಕೆಯೂ ನಿಧಾನವಾಗುವ ಸ್ಥಿತಿ. ನಮ್ಮಂಥ ಮನೆಗಳಿಗೆ ಈ ಎರಡೂ ಪಾಪ ಒಟ್ಟಿಗೇ ಬರುತ್ತವೆ. ಎದುರಿಗೆ "ಪಾಪ" ಅಂದವರು ಅಂಗಳ ದಾಟಿದ ಮೇಲೆ "ಯಾರು ಮಾಡಿದ ಪಾಪವೋ" ಅನ್ನುತ್ತಾರೆ. ಇವತ್ತು ನಾನು ಮಾತಾಡಬೇಕು ಅಂತ ಬಂದಿರೋದು ಈ ಒಂದು ಪದದ ಬಗ್ಗೆ. ಹೇಳುವವರು ಕೆಟ್ಟವರಲ್ಲ. ನಿಜವಾಗಿ ಮನಸ್ಸು ಕರಗಿಯೇ ಹೇಳುತ್ತಾರೆ. ಆದರೆ ನಲವತ್ತು ವರ್ಷದಲ್ಲಿ ನಾನು ಕಂಡಿದ್ದು ಇಷ್ಟು: ಪಾಪ ಅಂದ ಮೇಲೆ ಯಾರೂ ಮುಂದಕ್ಕೆ ನೋಡುವುದಿಲ್ಲ. ಮಗುವಿಗೆ ಕಿವಿ ಕೇಳುತ್ತಾ, ಕಣ್ಣು ಕಾಣುತ್ತಾ, ಎದೆ ಸರಿಯಿದೆಯಾ, ಅದಕ್ಕೆ ಏನು ಇಷ್ಟ, ಏನು ಕಲಿಯುತ್ತೆ? ಯಾವ ಪ್ರಶ್ನೆಯೂ ಆಮೇಲೆ ಬರುವುದಿಲ್ಲ.

ಮೊದಲು "ಯಾರು ಮಾಡಿದ ಪಾಪ" ಅನ್ನುವ ಮಾತನ್ನು ಮುಗಿಸಿಬಿಡೋಣ. ನಮ್ಮ ಅಮ್ಮನಿಗೆ ಜನ ಕೊಟ್ಟ ಕಾರಣಗಳು ಒಂದೆರಡಲ್ಲ. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ. ಬಸುರಿಯಲ್ಲಿ ಪರಂಗಿ ಹಣ್ಣು ತಿಂದಿದ್ದಳಂತೆ. ಸೋದರಮಾವನನ್ನೇ ಮದುವೆಯಾಗಿದ್ದಕ್ಕೆ ಹೀಗಾಯ್ತಂತೆ. ಇದರಲ್ಲಿ ಒಂದೂ ನಿಜವಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಬೇರೆ ಕೆಲವು ಕಾಯಿಲೆಗಳು ಮಕ್ಕಳಿಗೆ ಬರಬಹುದು. ಡೌನ್ ಸಿಂಡ್ರೋಮ್ ಬರುವ ದಾರಿ ಅದಲ್ಲ. ನಮ್ಮೆಲ್ಲರ ಮೈಯ ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳಿರುತ್ತವೆ. ಅವೇ ಕ್ರೋಮೋಸೋಮುಗಳು, ಒಟ್ಟು 46, 23 ಜೋಡಿ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ 21ನೇ ಜೋಡಿ ಸರಿಯಾಗಿ ಬೇರೆಯಾಗದೆ ಉಳಿದರೆ, ಮಗುವಿಗೆ ಆ ಕ್ರೋಮೋಸೋಮ್ ಎರಡರ ಬದಲು ಮೂರು ಬರುತ್ತದೆ. ಒಟ್ಟು 47. ನೂರಕ್ಕೆ 95 ಮಕ್ಕಳಲ್ಲಿ ಆಗಿರುವುದು ಇಷ್ಟೇ. ಯಾರೂ ಮಾಡಿದ್ದಲ್ಲ, ಯಾರೂ ತಡೆಯಬಹುದಾಗಿದ್ದಲ್ಲ. ತಾಯಿಗೆ 35 ದಾಟಿದ ಮೇಲೆ ಸಾಧ್ಯತೆ ಜಾಸ್ತಿಯಾಗುತ್ತಾ ಹೋಗುತ್ತದೆ, ಅದು ಹೌದು. ಆದರೆ ನಮ್ಮ ಅಮ್ಮನಿಗೆ ಆಗ 25. ಚಿಕ್ಕ ವಯಸ್ಸಿನ ತಾಯಂದಿರೇ ಜಾಸ್ತಿ ಹೆರುವುದರಿಂದ ಇಂಥ ಮಕ್ಕಳಲ್ಲೂ ಹೆಚ್ಚಿನವರು ಅವರಿಗೇ ಹುಟ್ಟುತ್ತಾರೆ. ನೀವು ಮನೆಮನೆಗೆ ಹೋಗುವವರು. ಬಾಣಂತಿ ಮನೆಯಲ್ಲಿ ಅತ್ತೆ, ಗಂಡ ಎಲ್ಲರೂ ಕೂತಿರುವಾಗ ಇದನ್ನು ಗಟ್ಟಿಯಾಗಿ ಹೇಳಿ. ಆ ತಾಯಿ ಗೋಡೆ ಕಡೆ ತಿರುಗಿದ್ದರೂ ಕೇಳಿಸಿಕೊಳ್ಳುತ್ತಿರುತ್ತಾಳೆ.

ಹೆಸರಿನ ಬಗ್ಗೆಯೂ ಒಂದು ಮಾತು. "ಡೌನ್" ಅಂದರೆ ಕೆಳಗೆ ಅಂತ, ಹಾಗಾಗಿ ಬುದ್ಧಿ ಕೆಳಮಟ್ಟದ್ದು ಅಂತ ತಿಳಿದ ಮೇಷ್ಟ್ರುಗಳನ್ನು ನೋಡಿದ್ದೇನೆ. ಅದು ಒಬ್ಬ ಡಾಕ್ಟರ ಹೆಸರು. ಇಂಗ್ಲೆಂಡಿನ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ಬರೆದರು. ಕಣ್ಣಿನ ಆಕಾರ ನೋಡಿ ಮಂಗೋಲಿಯಾದ ಜನರಿಗೆ ಹೋಲಿಸಿದರು. ಆ ಹೋಲಿಕೆ ತಪ್ಪು. ಆದರೂ "ಮಂಗೋಲ್" ಅನ್ನುವ ಹೆಸರು ನೂರು ವರ್ಷ ಇವರಿಗೆ ಅಂಟಿಕೊಂಡಿತು. 1959ರಲ್ಲಿ ಫ್ರಾನ್ಸಿನಲ್ಲಿ ಜೆರೋಮ್ ಲೆಜೂನ್, ಮಾರ್ತ್ ಗೋತಿಯೇ, ರೇಮನ್ ತ್ಯುರ್ಪ್ಯಾಂ ಸೇರಿ ಆ ಹೆಚ್ಚಿನ ಕ್ರೋಮೋಸೋಮನ್ನು ತೋರಿಸಿಕೊಟ್ಟರು. 1961ರಲ್ಲಿ ವಿಜ್ಞಾನಿಗಳೇ ಆ ಹಳೆಯ ಹೆಸರು ಬೇಡ ಅಂತ ಬರೆದರು. 1965ರಲ್ಲಿ ಮಂಗೋಲಿಯಾ ದೇಶ ವಿಶ್ವ ಆರೋಗ್ಯ ಸಂಸ್ಥೆಗೆ ಕೇಳಿಕೊಂಡಿತು, ಆಮೇಲೆ ಅದು ಹೋಯಿತು.

ಆದರೆ ಅದೇ ಡಾಕ್ಟರ್ ಡೌನ್ ಇನ್ನೊಂದು ಕೆಲಸ ಮಾಡಿದ್ದಾರೆ. ನನಗೆ ಅವರ ಲೇಖನಕ್ಕಿಂತ ಅದು ದೊಡ್ಡದು ಅನ್ನಿಸುತ್ತದೆ. ಇಂಥ ಮಕ್ಕಳಿಗಾಗಿಯೇ ನಾರ್ಮನ್ಸ್‌ಫೀಲ್ಡ್ ಅಂತ ಒಂದು ಮನೆ ಕಟ್ಟಿದರು. ಅಲ್ಲೊಂದು ರಂಗಮಂದಿರ ಕಟ್ಟಿಸಿದರು, 1879ರಲ್ಲಿ. ಅದು ಇವತ್ತಿಗೂ ಇದೆ. ನಾಟಕ, ಸಂಗೀತ ಅವರಿಗೂ ಬೇಕು ಅಂತ ಆ ಕಾಲದಲ್ಲೇ ಒಬ್ಬರಿಗೆ ಅನ್ನಿಸಿತ್ತಲ್ಲ! ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1905ರಲ್ಲಿ, ಅವರ ಮಗನಿಗೆ ಒಂದು ಗಂಡು ಮಗು ಹುಟ್ಟಿತು. ಆ ಮಗುವಿಗೂ ಇದೇ ಡೌನ್ ಸಿಂಡ್ರೋಮ್. ಅಜ್ಜನ ಹೆಸರನ್ನೇ ಇಟ್ಟರು.

ಈಗ ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ಇದನ್ನು ಎಲ್ಲ ಸಭೆಯಲ್ಲೂ ಹೇಳುತ್ತೇನೆ. ಅಮೆರಿಕದ ಒಹಾಯೊದಲ್ಲಿ 1943ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಜಾಯ್ಸ್ ಮತ್ತು ಜೂಡಿತ್ ಸ್ಕಾಟ್. ಜೂಡಿತ್‌ಗೆ ಡೌನ್ ಸಿಂಡ್ರೋಮ್ ಇತ್ತು. ಏಳು ವರ್ಷ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದರು, ಒಂದೇ ಮಣ್ಣಿನಲ್ಲಿ ಆಡಿದರು. ಆಮೇಲೆ ಜೂಡಿತ್‌ಳನ್ನು ಪರೀಕ್ಷೆ ಮಾಡಿದರು. ಬಾಯಲ್ಲಿ ಪ್ರಶ್ನೆ ಕೇಳಿದರು. ಅವಳು ಉತ್ತರ ಕೊಡಲಿಲ್ಲ. "ಇವಳಿಗೆ ಏನೂ ಕಲಿಸೋಕಾಗಲ್ಲ" ಅಂತ ಬರೆದು ಸರ್ಕಾರಿ ಆಶ್ರಯಧಾಮಕ್ಕೆ ಸೇರಿಸಿದರು. ಅಲ್ಲೇ 35 ವರ್ಷ ಕಳೆದಳು. ಎಷ್ಟೋ ವರ್ಷಗಳ ಮೇಲೆ ಗೊತ್ತಾಗಿದ್ದು ಏನು ಗೊತ್ತಾ? ಅವಳಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಹೋಗಿತ್ತು. ಪ್ರಶ್ನೆ ಕೇಳಿಸದ ಮಗು ಉತ್ತರ ಎಲ್ಲಿಂದ ಕೊಡಬೇಕು? ಕಿವಿ ನೋಡಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ. ಪಾಪ, ಅವಳು ಹಾಗೇ ಅಂತ ಎಲ್ಲರೂ ಸುಮ್ಮನಾಗಿದ್ದರು.

ಎಂಬತ್ತರ ದಶಕದಲ್ಲಿ ಜಾಯ್ಸ್ ಹಟ ಹಿಡಿದು ತನ್ನ ಅವಳಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆತಂದಳು. ಓಕ್‌ಲ್ಯಾಂಡಿನಲ್ಲಿ ಇಂಥವರಿಗಾಗಿ ಇರುವ ಕ್ರಿಯೇಟಿವ್ ಗ್ರೋತ್ ಅನ್ನುವ ಕಲಾಕೇಂದ್ರಕ್ಕೆ ಸೇರಿಸಿದಳು. ಸುಮಾರು ಎರಡು ವರ್ಷ ಜೂಡಿತ್ ಯಾವುದಕ್ಕೂ ಮನಸ್ಸು ಕೊಡಲಿಲ್ಲ. ಆದರೂ ಅವರು ಅವಳನ್ನು ವಾಪಸ್ ಕಳಿಸಲಿಲ್ಲ. ಆಮೇಲೆ ಒಂದು ದಿನ ನೂಲಿನ ಕೆಲಸ ಕಲಿಸುವವರು ಬಂದರು. ಜೂಡಿತ್ ಕಡ್ಡಿಗಳನ್ನು ತೆಗೆದುಕೊಂಡು ನೂಲು ಸುತ್ತೋಕೆ ಶುರು ಮಾಡಿದಳು. ಅಲ್ಲಿಂದ 2005ರಲ್ಲಿ ಸಾಯುವವರೆಗೆ ನಿಲ್ಲಿಸಲೇ ಇಲ್ಲ. ಸುತ್ತಿ ಸುತ್ತಿ ಆಳೆತ್ತರದ ಆಕೃತಿಗಳು, ಸುಮಾರು ಇನ್ನೂರು. ಅವು ಈಗ ದೊಡ್ಡ ದೊಡ್ಡ ಕಲಾ ಮ್ಯೂಸಿಯಮ್ಮುಗಳಲ್ಲಿವೆ. ಅವಳು ಮೊದಲು ನೂಲು ಹಿಡಿದಾಗ ವಯಸ್ಸು ನಲವತ್ತು ದಾಟಿತ್ತು.

ಈ ಕಥೆ ನನಗೆ ತಡವಾಗಿ ಗೊತ್ತಾಯಿತು. ಗೊತ್ತಾದ ದಿನ ಅಮ್ಮನಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾವು ಮೈಸೂರಿಗೆ ಹೋಗಿದ್ದು ಒಳ್ಳೇದಾಯ್ತು" ಅಂದಳು.

ನನ್ನ ತಮ್ಮನಿಗೆ ನಾಲ್ಕು ವರ್ಷವಾದರೂ "ಅಮ್ಮ" ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ತೋರಿಸಿದ ಆಸ್ಪತ್ರೆಯಲ್ಲಿ "ಇಂಥ ಮಕ್ಕಳು ಇಷ್ಟೇ, ಹದಿನೈದು ವರ್ಷ ಬದುಕಿದರೆ ಹೆಚ್ಚು" ಅಂದಿದ್ದರು. ಅಪ್ಪ ಅಲ್ಲಿಗೇ ಕೈಚೆಲ್ಲಿದರು. ಅಮ್ಮ ಬಿಡಲಿಲ್ಲ. ಪಾತ್ರೆ ಬಿದ್ದರೆ ಇವನು ತಿರುಗಿ ನೋಡುವುದಿಲ್ಲ, ಆದರೆ ಹತ್ತಿರ ಬಂದು ಮುಖ ನೋಡಿ ಮಾತಾಡಿದರೆ ನಗುತ್ತಾನೆ. ಅದನ್ನು ಅವಳು ಗಮನಿಸಿದ್ದಳು. ಅರಸೀಕೆರೆಯಲ್ಲಿ ರೈಲು ಹತ್ತಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ. ಎರಡೂ ಕಿವಿಯ ಒಳಗೆ ಅಂಟಿನಂಥ ನೀರು ತುಂಬಿಕೊಂಡಿತ್ತು. ಈ ಮಕ್ಕಳ ಕಿವಿಯ ನಾಳ ಕಿರಿದು, ಹಾಗಾಗಿ ಅದು ಸಾಮಾನ್ಯವಂತೆ. ಚಿಕಿತ್ಸೆ ಆಯಿತು. ಮಾತು ಕಲಿಸುವುದು ಹೇಗೆ ಅಂತ ಅಮ್ಮನಿಗೇ ಹೇಳಿಕೊಟ್ಟರು. ಆರು ತಿಂಗಳಲ್ಲಿ "ಅಕ್ಕ" ಅಂದ. ನಾನು ಆ ದಿನ ಶಾಲೆಗೆ ಹೋಗಲಿಲ್ಲ. ಇಡೀ ದಿನ ಅವನ ಬಾಯಲ್ಲಿ ಅದನ್ನೇ ಹೇಳಿಸಿಕೊಂಡು ಕೂತಿದ್ದೆ.

ಆದ್ದರಿಂದ ಆಶಾ ಅಕ್ಕಂದಿರೇ, ನಿಮಗೆ ನನ್ನ ಮೊದಲ ಕೋರಿಕೆ. ಮಗುವಿನ ಮೈ ತುಂಬಾ ಮೆತ್ತಗಿದ್ದರೆ, ಎತ್ತಿಕೊಂಡಾಗ ಕೈಯಿಂದ ಜಾರುವ ಹಾಗಿದ್ದರೆ, ಕಣ್ಣಿನ ಕೊನೆ ಮೇಲಕ್ಕೆ ಓರೆಯಾಗಿದ್ದರೆ, ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ ಇದ್ದರೆ, ಹಾಲು ಚೀಪೋಕೆ ಕಷ್ಟಪಡುತ್ತಿದ್ದರೆ ಕಾಯಬೇಡಿ. ಒಂದು ಗುರುತು ಮಾತ್ರ ಕಂಡರೆ ಹೆದರಬೇಕಿಲ್ಲ, ಒಂದೇ ಗೆರೆ ಎಷ್ಟೋ ಜನರ ಅಂಗೈಯಲ್ಲಿರುತ್ತದೆ. ಆದರೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲೇ ಡೌನ್ ಸಿಂಡ್ರೋಮ್ ಇದೆ. ಮುಂದಿನ ಚಿಕಿತ್ಸೆಗೆ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರಗಳಿವೆ. ಮುಖ್ಯವಾಗಿ ಹೃದಯ. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಹುಟ್ಟುವಾಗಲೇ ಹೃದಯದಲ್ಲಿ ತೊಂದರೆ ಇರುತ್ತದೆ. ಹೊರಗೆ ಏನೂ ಕಾಣದೆಯೂ ಇರಬಹುದು, ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೇ ಗೊತ್ತಾಗೋದು. ದೊಡ್ಡ ತೂತಿದ್ದರೆ ಮೊದಲ ಕೆಲವು ತಿಂಗಳಲ್ಲೇ ಆಪರೇಷನ್ ಆಗಬೇಕು. ತಡವಾದರೆ ಶ್ವಾಸಕೋಶದ ಒತ್ತಡ ಏರಿ, ಆಮೇಲೆ ಆಪರೇಷನ್ ಮಾಡುವ ಹಾಗೇ ಇರುವುದಿಲ್ಲ. ಅಮೆರಿಕದಲ್ಲಿ 1983ರಲ್ಲಿ ಇವರ ಸರಾಸರಿ ಆಯಸ್ಸು ಸುಮಾರು 25 ವರ್ಷ ಇತ್ತು. ಈಗ ಅಲ್ಲಿ 60ರ ಆಸುಪಾಸು. ಕ್ರೋಮೋಸೋಮ್ ಅದೇ ಇದೆ. ನೋಡಿಕೊಳ್ಳುವ ರೀತಿ ಬದಲಾಯಿತು.

ಈಗ ಅಂಗನವಾಡಿಗೆ ಬರೋಣ. ಅಂಗಿ ಗುಂಡಿ ಹಾಕೋದನ್ನು ಅಮ್ಮ ಅವನಿಗೆ ಹೇಗೆ ಕಲಿಸಿದಳು ಅಂತ ಹೇಳುತ್ತೇನೆ. ಅವನ ಬೆರಳು ಗಿಡ್ಡ, ಹಿಡಿತ ಕಮ್ಮಿ. ಅಪ್ಪನ ಹಳೆ ಕೋಟಿನ ದೊಡ್ಡ ಗುಂಡಿಗಳನ್ನು ಕಿತ್ತು ಅವನ ಅಂಗಿಗೆ ಹೊಲಿದಳು. ಕಾಜಾ ಅಗಲ ಮಾಡಿದಳು. ಮೊದಲು ಎಲ್ಲವನ್ನೂ ತಾನೇ ಮಾಡಿ, ಗುಂಡಿ ಮುಕ್ಕಾಲು ಹೊರಗೆ ಬಂದಾಗ ನಿಲ್ಲಿಸುತ್ತಿದ್ದಳು. "ಎಳಿ" ಅನ್ನುತ್ತಿದ್ದಳು. ಅವನು ಎಳೆದರೆ ಗುಂಡಿ ಬಿತ್ತು. ಕೊನೆಯ ಕೆಲಸ ಅವನದು. ಚಪ್ಪಾಳೆ ಅವನಿಗೆ. ಕೆಲವು ವಾರದ ಮೇಲೆ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಆಮೇಲೆ ತೂರಿಸುವುದೂ ಅವನೇ. ಹಿಂದಿನಿಂದ ಮುಂದಕ್ಕೆ ಕಲಿಸುವ ಈ ದಾರಿಯನ್ನು ಈಗ ವಿಶೇಷ ಶಿಕ್ಷಕರ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಮಗು ಸೋತು ಅಳಬಾರದು, ಗೆದ್ದೇ ಮುಗಿಸಬೇಕು ಅಂತ ಅವಳಿಗೆ ಹೊಳೆದಿತ್ತು ಅಷ್ಟೇ.

ಎಂಟು ತಿಂಗಳು ಹಿಡಿಯಿತು. ನಡುವೆ ಒಂದು ದಿನ ನಮ್ಮ ದೊಡ್ಡಮ್ಮ ಬಂದಿದ್ದರು. ಹಬ್ಬಕ್ಕೆ ಹೊರಟಿದ್ದೆವು, ತಡವಾಗಿತ್ತು. ಇವನು ಮೂರನೇ ಗುಂಡಿಯ ಹತ್ತಿರ ನಾಲಿಗೆ ಹೊರಗೆ ಚಾಚಿಕೊಂಡು ಒದ್ದಾಡುತ್ತಿದ್ದ. ದೊಡ್ಡಮ್ಮ "ಅಯ್ಯೋ ಪಾಪ, ಯಾಕೆ ಗೋಳು ಹುಯ್ಕೋತೀಯೆ ಅದನ್ನ, ನೀನೇ ಹಾಕಬಾರದಾ" ಅಂತ ಬಗ್ಗಿ ಎಲ್ಲಾ ಗುಂಡಿ ಪಟಪಟ ಹಾಕಿಬಿಟ್ಟರು. ಅವನು ಏನು ಮಾಡಿದ ಗೊತ್ತಾ? ಎಲ್ಲವನ್ನೂ ಬಿಚ್ಚಿ, ಮತ್ತೆ ಮೊದಲನೇ ಗುಂಡಿಯಿಂದ ಶುರು ಮಾಡಿದ. ನಾವು ಬಸ್ಸು ತಪ್ಪಿಸಿಕೊಂಡೆವು.

ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ನಾನೂ ನಿಮ್ಮವಳೇ, 22 ವರ್ಷದಿಂದ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. "ಇಂಥ ಮಗುವನ್ನು ಸೇರಿಸಿಕೊಂಡರೆ ಉಳಿದವರಿಗೆ ಪಾಠ ಹೇಗೆ?" ಅನ್ನುವ ಪ್ರಶ್ನೆ ಸುಳ್ಳಲ್ಲ. ಎರಡು ಶಾಲೆಗಳು ನನ್ನ ತಮ್ಮನನ್ನು ಇದೇ ಮಾತು ಹೇಳಿ ವಾಪಸ್ ಕಳಿಸಿದ್ದವು. ಆದರೆ ನಮ್ಮ ಕೈಯಲ್ಲೇ ಇರುವ ಉತ್ತರವನ್ನು ನಾವು ನೋಡುತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ ಕಲಿ ಪದ್ಧತಿ ಯಾಕೆ ಬಂತು? ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ ಅಂತ ತಾನೇ? ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು. ನಿನ್ನೆ ಬಿಟ್ಟಲ್ಲಿಂದ ಇವತ್ತು ಶುರು. ಕಾರ್ಡಿನಲ್ಲಿ ಚಿತ್ರ, ಕೈಯಲ್ಲಿ ಚಟುವಟಿಕೆ, ಪಕ್ಕದಲ್ಲಿ ಕಲಿತ ಗೆಳೆಯ. ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಇದಕ್ಕಿಂತ ಹೊಂದುವ ತರಗತಿ ಇಲ್ಲ. ಯಾಕೆಂದರೆ ಇವರು ಕಿವಿಯಲ್ಲಿ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ, ಕಣ್ಣಲ್ಲಿ ನೋಡಿದ್ದನ್ನು ಚೆನ್ನಾಗಿ ಹಿಡಿಯುತ್ತಾರೆ. ಮೂರು ಸೂಚನೆ ಒಟ್ಟಿಗೆ ಹೇಳಬೇಡಿ. ಒಂದು ಹೇಳಿ, ತೋರಿಸಿ, ಹತ್ತು ಸೆಕೆಂಡು ಕಾಯಿರಿ. ಆ ಹತ್ತು ಸೆಕೆಂಡು ನಮಗೆ ಬಹಳ ಉದ್ದ. ಮಗುವಿಗೆ ಅದು ಬೇಕು.

ಓದುವುದರ ಬಗ್ಗೆ ಹೇಳಲೇಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಸೂ ಬಕ್ಲಿ ಅನ್ನುವ ಮನಶ್ಶಾಸ್ತ್ರಜ್ಞೆಗೆ ಒಬ್ಬ ತಂದೆ ಪತ್ರ ಬರೆದರು, ಡೌನ್ ಸಿಂಡ್ರೋಮ್ ಇರುವ ನನ್ನ ಮಗಳು ಮೂರು ವರ್ಷದಿಂದಲೇ ಓದೋಕೆ ಕಲಿತಿದ್ದಾಳೆ ಅಂತ. ಇದು 1980ರ ಸುಮಾರಿನ ಮಾತು. ಆಗ ಬಹಳ ಜನ ಇದು ಆಗದ ಕೆಲಸ ಅಂದುಕೊಂಡಿದ್ದರು. ಬಕ್ಲಿ ನಂಬಿದರು, ಬೇರೆ ಮಕ್ಕಳಿಗೂ ಕಲಿಸಿ ನೋಡಿದರು. ಎಷ್ಟೋ ಮಕ್ಕಳಿಗೆ ಮಾತಿಗಿಂತ ಓದು ಸುಲಭ, ಓದಿನಿಂದಲೇ ಮಾತು ಬೆಳೆಯುತ್ತದೆ ಅಂತ ಕಂಡುಕೊಂಡರು. ಮುಂದೆ ಅವರ ತಂಡವೇ ವಿಶೇಷ ಶಾಲೆಯ ಮಕ್ಕಳನ್ನೂ ಸಾಮಾನ್ಯ ಶಾಲೆಯ ಮಕ್ಕಳನ್ನೂ ಹೋಲಿಸಿತು. ಮಾತಿನಲ್ಲಿ, ಓದುಬರಹದಲ್ಲಿ ಸಾಮಾನ್ಯ ಶಾಲೆಯವರೇ ಮುಂದಿದ್ದರು. ನಮ್ಮಮ್ಮ ಲಗ್ನಪತ್ರಿಕೆಗಳ ಹಿಂಬದಿಯ ಖಾಲಿ ಜಾಗದಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಬರೆದು ಮನೆಯೆಲ್ಲ ಅಂಟಿಸಿದ್ದಳು. ಬಾಗಿಲ ಮೇಲೆ "ಬಾಗಿಲು". ಕೊಡದ ಮೇಲೆ "ನೀರು". ನನ್ನ ಬೆನ್ನ ಮೇಲೂ "ಅಕ್ಕ". ಅವನು ಇವತ್ತಿಗೂ ಒತ್ತಕ್ಷರದಲ್ಲಿ ತಡವರಿಸುತ್ತಾನೆ. ಆದರೆ ಬಸ್ಸಿನ ಬೋರ್ಡು ಓದುತ್ತಾನೆ. ಮದುವೆ ಮನೆಯಲ್ಲಿ ಹೆಣ್ಣು ಗಂಡಿನ ಹೆಸರು ಓದಿ ಹೇಳುತ್ತಾನೆ.

ಕಾನೂನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ 40 ಪರ್ಸೆಂಟ್ ಮತ್ತು ಅದಕ್ಕಿಂತ ಹೆಚ್ಚು ವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಮನೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ಆಯ್ಕೆ ಅವರದು. ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ದೊಡ್ಡವರಾದ ಮೇಲೆ ಏನು? ಇಲ್ಲಿ "ಪಾಪ" ಇನ್ನೊಂದು ಥರ ಬರುತ್ತದೆ. "ಪಾಪ, ಅವನ ಕೈಲಿ ಯಾಕೆ ಕೆಲಸ ಮಾಡಿಸ್ತೀರಾ." ಅವನಿಗೆ 22 ವರ್ಷವಾದಾಗ ಅಮ್ಮ ಡೈರಿಗೆ ಹಾಲು ಹಾಕುವ ಕೆಲಸ ವಹಿಸಿದಳು. ಬೆಳಿಗ್ಗೆ, ಸಂಜೆ. ಐದು ಲೀಟರಿನ ಕ್ಯಾನು. ಮೊದಲ ವಾರ ಡೈರಿಯವರು ಚೀಟಿಯನ್ನು ಅವನ ಕೈಗೆ ಕೊಡದೆ ಹಿಂದೆ ನಿಂತ ಪಕ್ಕದ ಮನೆಯವರಿಗೆ ಕೊಡುತ್ತಿದ್ದರು. "ಇವನು ಕಳ್ಕೋತಾನೆ, ಮನೆಗೆ ಕೊಟ್ಟುಬಿಡಿ" ಅಂತ. ಅವನು ಬರಿಗೈಲಿ ಬಂದು, ಕ್ಯಾನು ಕೆಳಗಿಟ್ಟು, ಮೂಲೆಯಲ್ಲಿ ಕೂರುತ್ತಿದ್ದ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಅಮ್ಮ ಡೈರಿಗೆ ಹೋಗಿ "ಹಾಲು ಅವನು ತಂದಿದ್ದು, ಚೀಟಿ ಅವನಿಗೇ ಕೊಡಿ. ಕಳೆದರೆ ನಮ್ಮದು ತಾನೇ ಕಳೆಯೋದು" ಅಂದಳು. ಎರಡು ಸಲ ಕಳೆದ. ಒಂದು ಸಲ ಮಳೆಯಲ್ಲಿ ನೆನೆಸಿಕೊಂಡು ತಂದ. ಆಮೇಲೆ ಅವನೇ ಒಂದು ದಾರಿ ಮಾಡಿಕೊಂಡ. ಚೀಟಿ ಮಡಿಸಿ ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿಕೊಳ್ಳುತ್ತಾನೆ. ಈಗ ಹತ್ತೊಂಬತ್ತು ವರ್ಷವಾಯಿತು. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಓದಿ ಹೇಳುತ್ತಾನೆ. ಫ್ಯಾಟ್ ಕಮ್ಮಿ ಬಂದ ದಿನ ಹಸುವಿನ ಹತ್ತಿರ ಹೋಗಿ ಬೈಯುತ್ತಾನೆ.

ಹಳ್ಳಿಯಲ್ಲಿ ಇದಾಯಿತು, ಪೇಟೆಯಲ್ಲೂ ಆಗುತ್ತಿದೆ. 2017ರಲ್ಲಿ ಅಲೀನಾ ಆಲಂ ಅನ್ನುವ ಹುಡುಗಿ ಹುಬ್ಬಳ್ಳಿಯಲ್ಲಿ ಮಿಟ್ಟಿ ಕೆಫೆ ಶುರು ಮಾಡಿದರು. ಅಲ್ಲಿ ಕಾಫಿ ತಿಂಡಿ ಮಾಡುವವರು, ಬಡಿಸುವವರು, ಲೆಕ್ಕ ನೋಡುವವರು ವಿಕಲಚೇತನರೇ. ಡೌನ್ ಸಿಂಡ್ರೋಮ್ ಇರುವವರೂ ಇದ್ದಾರೆ. 2023ರ ನವೆಂಬರಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನ ಆವರಣದಲ್ಲೇ ಒಂದು ಮಿಟ್ಟಿ ಕೆಫೆ ತೆರೆಯಿತು. ಬೆಂಗಳೂರಿಗೆ ಹೋದಾಗ ಒಮ್ಮೆ ಅವರಲ್ಲಿ ಕಾಫಿ ಕುಡಿದು ಬನ್ನಿ. ತಂದುಕೊಟ್ಟವರ ಮುಖ ನೋಡಿ. ಸಂಬಳ ಎಣಿಸುವ ಕೈಗೆ ಯಾರೂ ಪಾಪ ಅನ್ನುವುದಿಲ್ಲ.

ಕೊನೆಗೆ, ಇಲ್ಲಿ ಕೂತಿರುವ ತಂದೆತಾಯಿಗಳು ನನ್ನನ್ನು ಹೊರಗೆ ಕೇಳಿದ ಪ್ರಶ್ನೆ: ವಯಸ್ಸಾದ ಮೇಲೆ? ಮುಚ್ಚಿಡದೆ ಹೇಳುತ್ತೇನೆ. ಇವರಿಗೆ ಮರೆವಿನ ಕಾಯಿಲೆ, ಆಲ್ಝೈಮರ್, ನಮಗಿಂತ ಬೇಗ ಬರುವ ಸಾಧ್ಯತೆ ಜಾಸ್ತಿ. ಮೆದುಳಿನಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಕೂಡಿಕೊಳ್ಳಲು ಕಾರಣವಾಗುವ ಜೀನ್ ಇರುವುದು ಅದೇ 21ನೇ ಕ್ರೋಮೋಸೋಮಿನಲ್ಲಿ. ಅದು ಇವರಲ್ಲಿ ಮೂರು ಪ್ರತಿ ಇದೆ. ನನ್ನ ತಮ್ಮನಿಗೆ ಈಗ 41. ಹೋದ ವರ್ಷ ಅವನು ಮೆಲ್ಲಗಾದ. ಡೈರಿಯಿಂದ ಬಂದರೆ ಹಾಸಿಗೆ. ಎರಡು ಸಲ ಕ್ಯಾನಿನ ಮುಚ್ಚಳ ಅಲ್ಲೇ ಬಿಟ್ಟು ಬಂದ. ಚೀಟಿ ಓದುವುದು ನಿಂತಿತು. ನಮ್ಮ ಬೀದಿಯಲ್ಲಿ ಮತ್ತೆ ಆ ಮಾತು ಶುರುವಾಯಿತು: "ಪಾಪ, ವಯಸ್ಸಾಯ್ತು, ಇಂಥವರಿಗೆ ಹೀಗೇ." ಒಂದು ರಾತ್ರಿ ನಾನೂ ಹಾಗೇ ಅಂದುಕೊಂಡೆ. ಆಗಲೇ ಮುಗಿಯಿತು ಅಂತ ಅಡುಗೆಮನೆಯಲ್ಲಿ ನಿಂತು ಅತ್ತೆ.

ಬೆಳಿಗ್ಗೆ ಅಮ್ಮ ಅಂದಳು, "ಅವತ್ತು ಕಿವಿ ನೋಡಿಸಿದ ಹಾಗೆ ಈಗಲೂ ಏನೋ ನೋಡಿಸಬೇಕು ಕಣೆ." ಅವಳಿಗೆ ಈಗ 66. ಹಾಸನಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಬಹಳ ಕಮ್ಮಿ ಇತ್ತು. ಇವರಿಗೆ ಇದು ಸಾಮಾನ್ಯ, ವರ್ಷಕ್ಕೊಮ್ಮೆ ನೋಡಿಸಬೇಕಿತ್ತು, ನಾವು ಮೂರು ವರ್ಷದಿಂದ ಬಿಟ್ಟಿದ್ದೆವು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ. ಮೂರು ತಿಂಗಳು ಹಿಡಿಯಿತು.

ಇವತ್ತು ಅವನನ್ನೂ ಕರೆದಿದ್ದೆ. ನಾನು ಹೊರಟಾಗ ಕ್ಯಾನು ತೊಳೆಯುತ್ತಿದ್ದ. ಸಂಜೆ ಐದೂವರೆಗೆ ಹಾಲು ಹಾಕಬೇಕಲ್ವಾ, ಬರಲ್ಲ ಅಂದ.